ಲಿಸ್ಬನ್‌ನಲ್ಲಿ ಪಾಸ್‌ಪೋರ್ಟ್ ಕೇಳುವುದಿಲ್ಲ ಏಕೆ? ಷೆಂಗೆನ್ ಗಡಿಯೂ ದಿನಗಳ ಲೆಕ್ಕವೂ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಲಿಸ್ಬನ್‌ಗೆ ಟಿಕೆಟ್ ಮಾಡಿಸಿದವರು ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲುವುದು ಜರ್ಮನಿಯಲ್ಲಿ. ಲಿಸ್ಬನ್‌ನಲ್ಲಿ ಇಳಿದ ಮೇಲೆ ಸೂಟ್‌ಕೇಸ್ ಎತ್ತಿಕೊಂಡು ಸೀದಾ ಹೊರಗೆ ಬರುತ್ತಾರೆ. ಪೋರ್ಚುಗಲ್‌ನ ಅಧಿಕಾರಿ ಸಾಮಾನ್ಯವಾಗಿ ಅವರ ಪಾಸ್‌ಪೋರ್ಟ್ ಕಡೆ ನೋಡುವುದೇ ಇಲ್ಲ. ವಾಪಸು ಬರುವಾಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಮಾನ ಬದಲಿಸಿದರೆ ನಿರ್ಗಮನದ ತಪಾಸಣೆ ಅಲ್ಲಿ. ದೇಶ ಮೂರು, ತಪಾಸಣೆ ಎರಡು, ಮತ್ತು ನೋಡಲು ಹೋದ ದೇಶದಲ್ಲಿ ಒಂದೂ ಇಲ್ಲ.

ಇದು ಯುರೋಪಿನ ಹಲವು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿ ಮಾಡಿಕೊಂಡ ಷೆಂಗೆನ್ ವ್ಯವಸ್ಥೆ. ಹೊರಗಿನಿಂದ ಬರುವವರನ್ನು ಮೊದಲು ಕಾಲಿಟ್ಟ ದೇಶ ಎಲ್ಲರ ಪರವಾಗಿ ತಪಾಸಣೆ ಮಾಡುತ್ತದೆ, ಕೊನೆಗೆ ಬಿಟ್ಟುಹೋಗುವ ದೇಶ ಎಲ್ಲರ ಪರವಾಗಿ ಲೆಕ್ಕ ಮುಗಿಸುತ್ತದೆ. ನಡುವೆ ಓಡಾಡುವಾಗ ಗಡಿ ಕಣ್ಣಿಗೆ ಬೀಳುವುದಿಲ್ಲವಷ್ಟೇ. ಕಾನೂನು, ದಿನಗಳ ಎಣಿಕೆ, ಪೊಲೀಸರು, ಕಂಪ್ಯೂಟರ್ ದಾಖಲೆ ಎಲ್ಲ ಇದ್ದಲ್ಲೇ ಇರುತ್ತವೆ. ನಮ್ಮವರು ಎಡವುವುದು ಬಹುತೇಕ ಇದನ್ನು ಮರೆತಾಗಲೇ.

ಷೆಂಗೆನ್ ಎಂಬುದು ಲಕ್ಸೆಂಬರ್ಗ್‌ನ ಒಂದು ಸಣ್ಣ ಹಳ್ಳಿ. ಮೊಸೆಲ್ ನದಿಯ ದಂಡೆಯಲ್ಲಿ, ಜರ್ಮನಿ ಮತ್ತು ಫ್ರಾನ್ಸ್ ಎರಡೂ ಕೂಡುವ ಜಾಗದಲ್ಲಿದೆ. 1985ರ ಜೂನ್ 14ರಂದು ಅಲ್ಲಿ ನಿಂತಿದ್ದ ಹಡಗೊಂದರಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಜಾರಿಗೆ ಬರಲು ಹತ್ತು ವರ್ಷ ಹಿಡಿಯಿತು: 1995ರ ಮಾರ್ಚ್ 26ರಂದು ಏಳು ದೇಶಗಳ ನಡುವೆ ಗಡಿ ತಪಾಸಣೆ ನಿಂತಿತು. ಈಗ ಸದಸ್ಯರು 29. ಕ್ರೊಯೇಷಿಯಾ 2023ರ ಜನವರಿಯಲ್ಲಿ ಸೇರಿತು. ಬಲ್ಗೇರಿಯಾ ಮತ್ತು ರೊಮೇನಿಯಾಗಳ ವಿಮಾನ, ಬಂದರು ತಪಾಸಣೆ 2024ರ ಮಾರ್ಚ್ 31ರಂದು, ರಸ್ತೆ ಮತ್ತು ರೈಲು ತಪಾಸಣೆ 2025ರ ಜನವರಿ 1ರಂದು ತೆರವಾದವು.

ಮೂರು ಪಟ್ಟಿಗಳನ್ನು ಬೆರೆಸಬೇಡಿ. ಯುರೋಪಿಯನ್ ಒಕ್ಕೂಟ ಒಂದು, ಯುರೋ ನಾಣ್ಯದ ದೇಶಗಳು ಇನ್ನೊಂದು, ಷೆಂಗೆನ್ ಮತ್ತೊಂದು. ಐರ್ಲೆಂಡ್ ಮತ್ತು ಸೈಪ್ರಸ್ ಒಕ್ಕೂಟದಲ್ಲಿವೆ, ಷೆಂಗೆನ್‌ನಲ್ಲಿಲ್ಲ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಒಕ್ಕೂಟದ ಹೊರಗಿವೆ, ಷೆಂಗೆನ್ ಒಳಗಿವೆ. ಆದ್ದರಿಂದ ಫ್ರಾನ್ಸ್‌ನಿಂದ ಸ್ವಿಟ್ಜರ್ಲೆಂಡ್‌ಗೆ ಹೋಗಲು ಬೇರೆ ವೀಸಾ ಬೇಡ, ಹೋಗಿ ಬಂದರೆ ಹೊಸ ಪ್ರವೇಶವೂ ಅಲ್ಲ. ಆದರೂ ಗಡಿಯಲ್ಲಿ ಸ್ವಿಸ್ ಕಸ್ಟಮ್ಸ್‌ನವರು ನಿಂತಿರುತ್ತಾರೆ. ಅವರು ಕೇಳುವುದು ಚೀಲದಲ್ಲಿರುವ ಮಾಂಸ, ಮದ್ಯ, ಸರಕಿನ ವಿಷಯ. ಆ ದೇಶ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲಿಲ್ಲ. ಜನರ ಗಡಿಯೇ ಬೇರೆ, ಸರಕಿನ ಗಡಿಯೇ ಬೇರೆ.

ಗಡಿ ಶುರುವಾಗುವುದು ದೇವನಹಳ್ಳಿಯಲ್ಲಿ

ಕೆಂಪೇಗೌಡ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ವಿಮಾನ ಕಂಪನಿಯವರು ವೀಸಾವನ್ನು ತಿರುಗಿಸಿ ಮುರುಗಿಸಿ ನೋಡುವುದಕ್ಕೆ ಕಾರಣವಿದೆ. ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದ ಕಂಪನಿಗೆ ದಂಡ ಹಾಕಬೇಕೆಂದು 2001ರ ಯುರೋಪಿಯನ್ ನಿರ್ದೇಶನ ಹೇಳುತ್ತದೆ. ದಂಡ ನಿಗದಿಪಡಿಸುವುದು ಆಯಾ ದೇಶದ ಕೆಲಸ; ನಿರ್ದೇಶನ ಮುಂದಿಟ್ಟಿರುವ ಆಯ್ಕೆಗಳಲ್ಲಿ ಒಂದು, ತಲೆಗೆ ಕನಿಷ್ಠ 3,000 ಯುರೋ. ಜೊತೆಗೆ ವಾಪಸು ಕರೆದೊಯ್ಯುವ ಖರ್ಚೂ ಕಂಪನಿಯದೇ. ಹೀಗಾಗಿ ಯುರೋಪಿನ ಮೊದಲ ಗಡಿ ಕಾವಲುಗಾರ ನಿಮಗೆ ಬೋರ್ಡಿಂಗ್ ಪಾಸ್ ಕೊಡುವ ಹುಡುಗ ಅಥವಾ ಹುಡುಗಿ.

ಅದಕ್ಕೂ ಹಿಂದಿನ ಮೆಟ್ಟಿಲು ವೀಸಾ. ಪ್ರವಾಸ, ಸಭೆ, ಮಕ್ಕಳನ್ನು ನೋಡಲು ಹೋಗುವುದು ಇವಕ್ಕೆಲ್ಲ 'ಸಿ' ವರ್ಗದ ಅಲ್ಪಾವಧಿ ವೀಸಾ. ಓದು, ನೌಕರಿಗೆ 'ಡಿ' ವರ್ಗ. ಅದನ್ನು ಆಯಾ ದೇಶ ತನ್ನ ಕಾನೂನಿನಂತೆ ಕೊಡುತ್ತದೆ. 'ಎ' ಎಂಬುದು ವಿಮಾನ ನಿಲ್ದಾಣದ ಒಳಗೇ ವಿಮಾನ ಬದಲಿಸುವವರಿಗೆ. ಇದು ಎಲ್ಲ ದೇಶಕ್ಕೂ ಬೇಕಾಗುವುದಿಲ್ಲ ಮತ್ತು ಪಟ್ಟಿ ಬದಲಾಗುತ್ತಿರುತ್ತದೆ, ಆದ್ದರಿಂದ ಟಿಕೆಟ್ ಮಾಡಿಸುವ ಮೊದಲೇ ನೋಡಿಕೊಳ್ಳಿ.

'ಸಿ' ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಕೊಡಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದವರೆಗೆ. 2024ರ ಜೂನ್ 11ರಿಂದ ಶುಲ್ಕ ದೊಡ್ಡವರಿಗೆ 90 ಯುರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಆರು ತುಂಬದವರಿಗೆ ಇಲ್ಲ. ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದಿಂದ ಇನ್ನೂ ಮೂರು ತಿಂಗಳು ಜೀವ ಇರಬೇಕು, ಎರಡು ಖಾಲಿ ಪುಟ ಬೇಕು. ವೈದ್ಯಕೀಯ ವಿಮೆ ಕನಿಷ್ಠ 30,000 ಯುರೋ ಮೊತ್ತದ್ದು.

ಅರ್ಜಿ ಯಾವ ದೇಶಕ್ಕೆ? ಹೆಚ್ಚು ದಿನ ಇರುವ ದೇಶಕ್ಕೆ. ಫ್ರಾನ್ಸ್‌ನಲ್ಲಿ ಐದು ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ ಮೂರು, ಇಟಲಿಯಲ್ಲಿ ಎರಡು ಎಂದಾದರೆ ಫ್ರಾನ್ಸ್, ಮೊದಲು ಇಳಿಯುವುದು ರೋಮ್‌ನಲ್ಲಾದರೂ ಸರಿ. ಎಲ್ಲ ಕಡೆ ಸಮ ದಿನಗಳಿದ್ದರೆ ಮಾತ್ರ ಮೊದಲು ಇಳಿಯುವ ದೇಶ. 'ಬೇಗ ಅಪಾಯಿಂಟ್‌ಮೆಂಟ್ ಸಿಗುತ್ತದೆ' ಎಂದು ಹೋಗದ ದೇಶದ ವೀಸಾ ತೆಗೆಸಿಕೊಡುವ ಏಜೆಂಟರಿದ್ದಾರೆ. ಅವರ ಮಾತು ಕೇಳಬೇಡಿ. ಗಡಿಯಲ್ಲಿ ಹೋಟೆಲ್ ಬುಕಿಂಗ್ ತೋರಿಸಿ ಎಂದಾಗ ಬಣ್ಣ ಬಯಲಾಗುತ್ತದೆ. ಸುಳ್ಳು ಹೇಳಿ ಪಡೆದ ವೀಸಾವನ್ನು ಅಲ್ಲೇ ರದ್ದು ಮಾಡುವ ಅಧಿಕಾರ ಅವರಿಗಿದೆ.

ವೀಸಾ ಕೈಗೆ ಬಂದ ಕೂಡಲೇ ಮೂರು ಸಾಲು ಓದಿ. ಒಂದು, ಯಾವ ದಿನದಿಂದ ಯಾವ ದಿನದವರೆಗೆ. ಎರಡು, ಎಷ್ಟು ಪ್ರವೇಶ: 01, 02 ಅಥವಾ 'ಮಲ್ಟ್' (ಬಹುಪ್ರವೇಶ). ಮೂರು, ಎಷ್ಟು ದಿನ ಇರಬಹುದು. ಮೊದಲನೆಯದಕ್ಕೂ ಮೂರನೆಯದಕ್ಕೂ ತಾಳೆಯಾಗದಿದ್ದರೆ ತಪ್ಪು ಮುದ್ರಣ ಎಂದುಕೊಳ್ಳಬೇಡಿ. ಜೂನ್ 1ರಿಂದ 10ರವರೆಗಿನ ಪ್ರವಾಸಕ್ಕೆ ವೀಸಾ ಜೂನ್ 25ರವರೆಗೆ ಇರಬಹುದು, ದಿನಗಳ ಸಂಖ್ಯೆ ಮಾತ್ರ 10. ಆ ಹೆಚ್ಚುವರಿ 15 ದಿನ ವಿಮಾನ ಹಿಂದುಮುಂದಾದರೆ ಇರಲಿ ಎಂದು ಕೊಟ್ಟ ಸಡಿಲಿಕೆ. 25ರವರೆಗೂ ಉಳಿದುಕೊಂಡವರು 15 ದಿನ ಅಕ್ರಮವಾಗಿ ಇದ್ದಂತೆ.

ಪದೇ ಪದೇ ಹೋಗುವವರಿಗೆ ಒಳ್ಳೆಯ ಸುದ್ದಿ: 2024ರ ಏಪ್ರಿಲ್‌ನಲ್ಲಿ ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ ಹೊಸ ನಿಯಮ ಬಂತು. ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಎರಡು ವರ್ಷದ ಬಹುಪ್ರವೇಶ ವೀಸಾ, ಅದಾದ ಮೇಲೆ ಪಾಸ್‌ಪೋರ್ಟ್‌ನಲ್ಲಿ ಅವಧಿಯಿದ್ದರೆ ಐದು ವರ್ಷದ್ದು.

ಕೌಂಟರಿನ ಆಚೆ ಏನಾಗುತ್ತದೆ

ವೀಸಾ ಇದ್ದರೆ ಒಳಗೆ ಬಿಡಲೇಬೇಕು ಎಂದೇನಿಲ್ಲ. ಮೊದಲ ನಿಲ್ದಾಣದ ಅಧಿಕಾರಿ ಷರತ್ತುಗಳನ್ನೆಲ್ಲ ಮತ್ತೆ ಪರೀಕ್ಷಿಸಬಹುದು: ಏಕೆ ಬಂದಿರಿ, ಎಲ್ಲಿರುತ್ತೀರಿ, ಖರ್ಚಿಗೆ ಹಣ ಹೇಗೆ, ವಾಪಸ್ ಟಿಕೆಟ್ ಎಲ್ಲಿ. ಈ ಕಾಗದಗಳನ್ನು ಚೆಕ್-ಇನ್ ಮಾಡಿದ ಸೂಟ್‌ಕೇಸಿನಲ್ಲಿ ಇಟ್ಟವರು ಪೇಚಿಗೆ ಸಿಕ್ಕುತ್ತಾರೆ. ಸೂಟ್‌ಕೇಸು ಸಿಗುವುದು ಲಿಸ್ಬನ್‌ನಲ್ಲಿ, ಪ್ರಶ್ನೆ ಬರುವುದು ಫ್ರಾಂಕ್‌ಫರ್ಟ್‌ನಲ್ಲಿ. ಕನೆಕ್ಷನ್ ನಡುವೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ ಎನ್ನುವುದೂ ಈ ಸಾಲಿನ ಸಲುವಾಗಿಯೇ.

ಅಧಿಕಾರಿ ನಿಮ್ಮ ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟಾಗ ಹಲವು ದಾಖಲೆಗಳು ಒಟ್ಟಿಗೇ ತೆರೆದುಕೊಳ್ಳುತ್ತವೆ. ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ನೀವು ಅರ್ಜಿ ಹಾಕುವಾಗ ಕೊಟ್ಟ ಬೆರಳಚ್ಚು ಇರುತ್ತದೆ. 59 ತಿಂಗಳೊಳಗೆ ಮತ್ತೆ ಅರ್ಜಿ ಹಾಕಿದರೆ ಅದನ್ನೇ ಬಳಸಿಕೊಳ್ಳಬಹುದು. ಷೆಂಗೆನ್ ಮಾಹಿತಿ ವ್ಯವಸ್ಥೆಯಲ್ಲಿ ಪ್ರವೇಶ ನಿಷೇಧಿತರು, ಬಂಧನಕ್ಕೆ ಬೇಕಾದವರು, ಕಾಣೆಯಾದವರು, ಕಳುವಾದ ವಾಹನ ಮತ್ತು ದಾಖಲೆಗಳ ವಿವರ ಇದೆ. ಒಂದು ದೇಶ ಹಾಕಿದ ಎಚ್ಚರಿಕೆ ಎಲ್ಲ ದೇಶಕ್ಕೂ ಕಾಣುತ್ತದೆ. ಒಳಗಿನ ತಪಾಸಣೆ ತೆಗೆಯಲು ಧೈರ್ಯ ಬಂದದ್ದೇ ಇದರಿಂದ. ಮೂರನೆಯದು ಇಂಟರ್‌ಪೋಲ್‌ನ ಕಳೆದುಹೋದ ಪಾಸ್‌ಪೋರ್ಟ್‌ಗಳ ಪಟ್ಟಿ. ಪಾಸ್‌ಪೋರ್ಟ್ ಕಳೆದಿದೆ ಎಂದು ದೂರು ಕೊಟ್ಟು, ಆಮೇಲೆ ಅದು ಬೀರುವಿನಲ್ಲೇ ಸಿಕ್ಕಿತು ಎಂದು ಅದರಲ್ಲೇ ಹೊರಟವರಿಗೆ ಇಲ್ಲಿ ಕಷ್ಟ ಕಾದಿರುತ್ತದೆ. ದೂರು ಕೊಟ್ಟ ಪಾಸ್‌ಪೋರ್ಟ್ ಸತ್ತಂತೆ.

ಇದಕ್ಕೆ ಹೊಸದಾಗಿ ಸೇರಿದ್ದು ಎಂಟ್ರಿ-ಎಕ್ಸಿಟ್ ಸಿಸ್ಟಂ. 2025ರ ಅಕ್ಟೋಬರ್ 12ರಂದು ಶುರುವಾಗಿ, ಆರು ತಿಂಗಳಲ್ಲಿ ಹಂತಹಂತವಾಗಿ ಎಲ್ಲ ಹೊರಗಡಿಗಳಿಗೆ ವಿಸ್ತರಿಸುವಂತೆ ಯೋಜಿಸಿದ್ದು. ಪಾಸ್‌ಪೋರ್ಟಿಗೆ ಒತ್ತುತ್ತಿದ್ದ ಮುದ್ರೆಯ ಬದಲು ಬಂದ ದಿನ, ಹೋದ ದಿನ, ಗಡಿಯ ಹೆಸರು ಕಂಪ್ಯೂಟರಿಗೆ ಹೋಗುತ್ತವೆ. ವೀಸಾ ಬೇಡದ ದೇಶದವರಿಂದ ಮುಖದ ಚಿತ್ರ ಮತ್ತು ನಾಲ್ಕು ಬೆರಳಚ್ಚು ತೆಗೆದುಕೊಳ್ಳುತ್ತಾರೆ. ನಮ್ಮಂಥ ವೀಸಾದವರ ಬೆರಳಚ್ಚು ಮೊದಲೇ ಅವರ ಬಳಿ ಇರುವುದರಿಂದ ಹೊಸದಾಗಿ ಸೇರುವುದು ಮುಖದ ಚಿತ್ರ. ಬೆರಳನ್ನು ತಾಳೆ ನೋಡಲು ಇಡಿಸುತ್ತಾರೆ. ಯುರೋಪಿನಲ್ಲಿ ವಾಸದ ಪರವಾನಗಿ ಇರುವವರಿಗೆ ಈ ನೋಂದಣಿ ಅನ್ವಯಿಸುವುದಿಲ್ಲ, ಅವರು ಯಂತ್ರದ ಸಾಲಿನಲ್ಲಿ ನಿಂತು ಹೊತ್ತು ಕಳೆಯಬೇಕಿಲ್ಲ.

ಅಧಿಕಾರಿಗಳು ಮೊದಲು ಪುಟ ತಿರುವಿ, ಮಾಸಿದ ಮುದ್ರೆಗಳನ್ನು ಹುಡುಕಿ ಬೆರಳಲ್ಲಿ ಎಣಿಸುತ್ತಿದ್ದರು. ಎಷ್ಟೋ ತಪ್ಪು ಹಾಗೇ ದಾಟಿ ಹೋಗುತ್ತಿತ್ತು. ಈಗ ಎಣಿಸುವುದು ಯಂತ್ರ. ನಿರ್ಗಮನ ದಾಖಲಾಗದೆ ಉಳಿದರೆ ಅವಧಿ ಮೀರಿ ಉಳಿದವರು ಎಂದು ತಾನಾಗಿ ಗುರುತಿಸುತ್ತದೆ. ಅಂಥ ದಾಖಲೆ ಐದು ವರ್ಷ ಇರುತ್ತದೆ, ಸರಿಯಾಗಿ ಹೋದವರದು ಮೂರು ವರ್ಷ. ಯಂತ್ರವೂ ತಪ್ಪಬಹುದು, ಆದ್ದರಿಂದ ಬೋರ್ಡಿಂಗ್ ಪಾಸ್ ಎಸೆಯಬೇಡಿ. ನೀವು ಹೊರಟದ್ದಕ್ಕೆ ನಿಮ್ಮ ಕೈಲಿರುವ ಪುರಾವೆ ಅದೇ.

ತೊಂಬತ್ತು ದಿನದ ಲೆಕ್ಕ

ನಿಯಮ ಹೇಳಲು ಸುಲಭ: ಯಾವುದೇ 180 ದಿನಗಳಲ್ಲಿ 90 ದಿನ. ಜನ ಇದನ್ನು ಜನವರಿಯಿಂದ ಜೂನ್, ಜುಲೈನಿಂದ ಡಿಸೆಂಬರ್ ಎಂದು ಓದಿಕೊಳ್ಳುತ್ತಾರೆ. ಹಾಗಲ್ಲ. ನೀವು ಒಳಗಿರುವ ಪ್ರತಿಯೊಂದು ದಿನವೂ, ಆ ದಿನವನ್ನು ಸೇರಿಸಿ ಹಿಂದಕ್ಕೆ 180 ದಿನ ಎಣಿಸಬೇಕು. ಅದರಲ್ಲಿ ಒಳಗೆ ಕಳೆದ ದಿನಗಳು 90 ದಾಟಬಾರದು. ಬಂದ ದಿನ ಒಂದು, ಹೊರಟ ದಿನ ಒಂದು, ರಾತ್ರಿ 11.50ಕ್ಕೆ ಇಳಿದರೂ ಆ ದಿನ ಪೂರ್ತಿ ಖರ್ಚು. ಎಲ್ಲ 29 ದೇಶಗಳ ದಿನಗಳು ಒಂದೇ ಖಾತೆಗೆ ಬೀಳುತ್ತವೆ.

ಒಂದು ಉದಾಹರಣೆ ಬಿಡಿಸೋಣ. ಬಹುಪ್ರವೇಶ ವೀಸಾ ಇರುವ ಒಬ್ಬರು ಜನವರಿ 5ರಿಂದ ಫೆಬ್ರವರಿ 3ರವರೆಗೆ 30 ದಿನ ಇದ್ದರು. ಮತ್ತೆ ಮಾರ್ಚ್ 20ರಿಂದ ಏಪ್ರಿಲ್ 18ರವರೆಗೆ 30 ದಿನ. ವರ್ಷ ಅಧಿಕ ವರ್ಷವಲ್ಲ. ಈಗ ಜೂನ್ 10ಕ್ಕೆ ಬಂದಿಳಿದಿದ್ದಾರೆ. ಎಲ್ಲಿಯವರೆಗೆ ಇರಬಹುದು?

60 ಆಗಿದೆ, 30 ಉಳಿದಿದೆ, ಆದ್ದರಿಂದ ಜುಲೈ 9 ಎನ್ನುವುದು ಥಟ್ಟನೆ ಬರುವ ಉತ್ತರ. ಆದರೆ ಹಿಂದಕ್ಕೆ ಎಣಿಸುವ ಆ 180 ದಿನಗಳ ಕಿಟಕಿ ದಿನದಿಂದ ದಿನಕ್ಕೆ ಮುಂದೆ ಸರಿಯುತ್ತಿದೆ. ಜುಲೈ 3ರಂದು ಎಣಿಕೆ 84 (ಹಳೆಯ 60, ಹೊಸ 24). ಜುಲೈ 4ಕ್ಕೆ 180 ದಿನಗಳ ಕಿಟಕಿ ಜನವರಿ 6ರಿಂದ ಶುರು; ಜನವರಿ 5 ಹೊರಬಿತ್ತು. ಇಲ್ಲಿಂದ ದಿನಕ್ಕೊಂದು ಸೇರುತ್ತದೆ, ಒಂದು ಉದುರುತ್ತದೆ, ಎಣಿಕೆ 84ರಲ್ಲೇ ನಿಲ್ಲುತ್ತದೆ. ಆಗಸ್ಟ್ 2ಕ್ಕೆ ಮೊದಲ ಪ್ರವಾಸದ 30 ದಿನವೂ ಉದುರಿ ಮುಗಿಯುತ್ತದೆ. ಆಗಸ್ಟ್ 3ಕ್ಕೆ 85, 4ಕ್ಕೆ 86, ಹೀಗೆ 8ಕ್ಕೆ 90. ಕೊನೆಯ ದಿನ ಆಗಸ್ಟ್ 8. ಜುಲೈ 9ಕ್ಕೆ ಹೊರಟವರು ಸಕ್ರಮವಾದ 30 ದಿನ ಬಿಟ್ಟುಕೊಟ್ಟಂತೆ.

ಉಲ್ಟಾ ತಪ್ಪು ಇದಕ್ಕಿಂತ ದುಬಾರಿ. ಜನವರಿ 1ರಿಂದ ಮಾರ್ಚ್ 31ರವರೆಗೆ ಒಂದೇ ಸಮನೆ 90 ದಿನ ಇದ್ದು, ಲಂಡನ್‌ಗೆ ಹೋಗಿ ಎರಡು ದಿನ ಇದ್ದು ಬಂದರೆ ಲೆಕ್ಕ ಹೊಸದಾಗುತ್ತದೆ ಎಂದು ನಂಬಿದವರಿದ್ದಾರೆ. ಆಗುವುದಿಲ್ಲ. ಅವರು ಮತ್ತೆ ಕಾಲಿಡಬಹುದಾದದ್ದು ಜೂನ್ 30ಕ್ಕೆ. ಯುರೋಪಿಯನ್ ಆಯೋಗದ ಜಾಲತಾಣದಲ್ಲಿ ಇದಕ್ಕೊಂದು ಕ್ಯಾಲ್ಕುಲೇಟರ್ ಇದೆ. ಮಗನ ಮನೆಗೆ ವರ್ಷಕ್ಕೆರಡು ಸಲ ಹೋಗುವ ತಂದೆತಾಯಿಗಳು ಟಿಕೆಟ್‌ಗೆ ಮೊದಲು ಅದರಲ್ಲಿ ದಿನಾಂಕ ಹಾಕಿ ನೋಡುವುದು ಕ್ಷೇಮ. ವೀಸಾದಲ್ಲಿ 90ಕ್ಕಿಂತ ಕಡಿಮೆ ದಿನ ಬರೆದಿದ್ದರೆ ಆ ಮಿತಿಯೇ ಅಂತಿಮ.

ನಕಾಶೆಯ ತೂತುಗಳು

ಒಂದೇ ಪ್ರವೇಶದ ವೀಸಾ ಹಿಡಿದು ಪ್ಯಾರಿಸ್, ಲಂಡನ್, ಆಮ್‌ಸ್ಟರ್‌ಡ್ಯಾಮ್ ಎಂಬ ಪ್ಯಾಕೇಜ್ ಕೊಂಡರೆ ಪ್ರವಾಸ ಲಂಡನ್‌ನಲ್ಲೇ ಮುಗಿಯುತ್ತದೆ. ಬ್ರಿಟನ್ನಿಗೆ ಬೇರೆ ವೀಸಾ ಬೇಕು ಎಂದು ಎಲ್ಲರಿಗೂ ಗೊತ್ತು, ವಾಪಸು ಬರಲು ಷೆಂಗೆನ್‌ನ ಎರಡನೇ ಪ್ರವೇಶ ಬೇಕು ಎನ್ನುವುದು ಹೊಳೆಯುವುದಿಲ್ಲ. ಯೂರೋಸ್ಟಾರ್ ರೈಲಿನಲ್ಲಿ ಇನ್ನೊಂದು ವಿಶೇಷ: ಲಂಡನ್‌ನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲೇ ಫ್ರೆಂಚ್ ಪೊಲೀಸರ ಕೌಂಟರು ಇದೆ. ರೈಲು ಹತ್ತುವ ಮೊದಲೇ ಷೆಂಗೆನ್ ಪ್ರವೇಶ ಆಗಿಬಿಡುತ್ತದೆ; ಪ್ಯಾರಿಸ್‌ನಲ್ಲಿ ಇಳಿದು ನಡೆದು ಹೋಗುವುದಷ್ಟೇ.

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳು ನಾರ್ವೆಗೆ ಸೇರಿದ್ದರೂ ಷೆಂಗೆನ್ ಹೊರಗಿವೆ. ಓಸ್ಲೋದಿಂದ ಅಲ್ಲಿಗೆ ಹೋಗಿ ಬರಲು ಎರಡು ಪ್ರವೇಶದ ವೀಸಾ ಬೇಕು. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಅಂಡೋರಾದ ಕಥೆಯೂ ಇದೇ. ಡೆನ್ಮಾರ್ಕ್ ವೀಸಾ ಇದ್ದ ಮಾತ್ರಕ್ಕೆ ಗ್ರೀನ್‌ಲ್ಯಾಂಡ್‌ಗೆ ಹೋಗಲಾಗದು, ಅದಕ್ಕೆ ಬೇರೆ ಅನುಮತಿ ನಮೂದಾಗಿರಬೇಕು.

ಒಳಗಿನ ಗಡಿ ಮತ್ತೆ ಎದ್ದಾಗ

ಷೆಂಗೆನ್ ಗಡಿ ಸಂಹಿತೆಯ ಪ್ರಕಾರ ಒಳಗಿನ ಗಡಿಯನ್ನು ಯಾರೇ ಆಗಲಿ, ಯಾವ ದೇಶದವರೇ ಆಗಲಿ, ಎಲ್ಲಿಂದ ಬೇಕಾದರೂ ತಪಾಸಣೆಯಿಲ್ಲದೆ ದಾಟಬಹುದು. ಆದರೆ ಭದ್ರತೆಗೆ ಗಂಭೀರ ಅಪಾಯವಿದ್ದಾಗ ಸದಸ್ಯ ದೇಶ ತಾತ್ಕಾಲಿಕವಾಗಿ ತಪಾಸಣೆ ಮರಳಿ ತರಬಹುದು. ಈ 'ತಾತ್ಕಾಲಿಕ' ಬಲು ಉದ್ದ ಬೆಳೆದಿದೆ. ಜರ್ಮನಿ 2015ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರಿಯಾ ಗಡಿಯಲ್ಲಿ ಶುರು ಮಾಡಿದ್ದನ್ನು 2024ರ ಸೆಪ್ಟೆಂಬರ್ 16ಕ್ಕೆ ತನ್ನ ಎಲ್ಲ ಭೂಗಡಿಗಳಿಗೂ ಹಬ್ಬಿಸಿತು. ಷೆಂಗೆನ್ ಹಳ್ಳಿಯ ಸೇತುವೆ ದಾಟಿದರೆ ಸಿಗುವ ಪೆರ್ಲ್ ಊರಿನ ಗಡಿಯೂ ಅದರಲ್ಲಿ ಸೇರಿತು. 2022ರ ಏಪ್ರಿಲ್‌ನಲ್ಲಿ ಯುರೋಪಿಯನ್ ನ್ಯಾಯಾಲಯ, ಹೊಸ ಅಪಾಯ ತೋರಿಸದೆ ಅದೇ ಕಾರಣಕ್ಕೆ ಆರು ತಿಂಗಳ ಮೇಲೂ ತಪಾಸಣೆ ಮುಂದುವರಿಸಿದ ಆಸ್ಟ್ರಿಯಾದ ವಿರುದ್ಧ ತೀರ್ಪು ಕೊಟ್ಟಿತು. 2024ರಲ್ಲಿ ನಿಯಮವನ್ನೇ ತಿದ್ದಿದರು: ಮುಂಗಾಣಬಹುದಾದ ಅಪಾಯಕ್ಕೆ ಒಮ್ಮೆಗೆ ಆರು ತಿಂಗಳು, ಒಟ್ಟು ಎರಡು ವರ್ಷ, ತೀರಾ ಅಸಾಧಾರಣ ಸಂದರ್ಭದಲ್ಲಿ ಇನ್ನೊಂದು ವರ್ಷ. ತಪಾಸಣೆ ಮಾಡುವವರೇ ಅಪಾಯ ಇದೆಯೋ ಇಲ್ಲವೋ ಹೇಳುವವರೂ ಆಗಿರುವಾಗ ಈ ಗಡುವು ಎಷ್ಟು ಬಿಗಿ ಎಂಬ ಅನುಮಾನ ಉಳಿದೇ ಇದೆ.

ತೆರೆದ ಗಡಿಗೆ ಒಗ್ಗಿದ ಜನರಿಗೆ ಅದು ಮುಚ್ಚಿದರೆ ಏನಾಗುತ್ತದೆ ಎಂಬುದು ಕರಾವಳಿಯವರಿಗೆ ಹೊಸದಲ್ಲ. 2020ರ ಮಾರ್ಚ್‌ನಲ್ಲಿ ಕೇರಳ ಗಡಿಯ ತಲಪಾಡಿಯಲ್ಲಿ ಕೋವಿಡ್ ಕಾರಣಕ್ಕೆ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಚೆಯೇ ಉಳಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಅದೇ ತಿಂಗಳು ಷೆಂಗೆನ್‌ನ ಹಲವು ದೇಶಗಳೂ ಒಳಗಡಿ ಮುಚ್ಚಿದ್ದವು. ಒಂದು ದೇಶದಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಇರುವವರು ಅಲ್ಲಿ ಲಕ್ಷಾಂತರ ಮಂದಿ.

ಪ್ರಯಾಣಿಕರಿಗೆ ಇದರ ಅರ್ಥ: ಪಾಸ್‌ಪೋರ್ಟ್ ಸದಾ ಜೊತೆಗಿರಲಿ. ಕೋಪನ್‌ಹೇಗನ್‌ನಿಂದ ಮಾಲ್ಮೊಗೆ ಹೋಗುವ ರೈಲು ಸ್ವೀಡನ್ ಸೇರಿದೊಡನೆ ಹಿಲ್ಲೀ ನಿಲ್ದಾಣದಲ್ಲಿ ನಿಂತಾಗ ಪೊಲೀಸರು ಹತ್ತಬಹುದು. ಸಾಲ್ಜ್‌ಬರ್ಗ್‌ನಿಂದ ಮ್ಯೂನಿಕ್‌ಗೆ ಹೋಗುವಾಗ ಫ್ರೈಲಾಸಿಂಗ್‌ನಲ್ಲಿ ಹತ್ತಬಹುದು. ಪಾಸ್‌ಪೋರ್ಟ್ ಹೋಟೆಲಿನ ಲಾಕರಿನಲ್ಲಿದೆ, ಮೊಬೈಲಿನಲ್ಲಿ ಫೋಟೋ ಇದೆ ಎಂದರೆ ಸಾಲದು. ಗಡಿ ತಪಾಸಣೆ ಇಲ್ಲದ ಕಡೆಯೂ ದೇಶದೊಳಗೆ ಗುರುತು ಕೇಳುವ ಅಧಿಕಾರ ಪೊಲೀಸರಿಗಿದೆ. ಹೋಟೆಲಿನವರು ವಿದೇಶಿಯರಿಂದ ನೋಂದಣಿ ಚೀಟಿ ತುಂಬಿಸಿಕೊಳ್ಳುವುದೂ ಷೆಂಗೆನ್ ಒಡಂಬಡಿಕೆಯ ವಿಧಿಯೇ.

ಅಲ್ಲೇ ಇರುವವರಿಗೆ

ನೆದರ್ಲೆಂಡ್ಸ್ ಅಥವಾ ಜರ್ಮನಿಯ ವಾಸದ ಪರವಾನಗಿ ಇದ್ದವರು ಅದನ್ನೂ ಪಾಸ್‌ಪೋರ್ಟನ್ನೂ ತೋರಿಸಿ ಉಳಿದ ಷೆಂಗೆನ್ ದೇಶಗಳಿಗೆ ವೀಸಾ ಇಲ್ಲದೆ ಹೋಗಬಹುದು. ವಾಸದ ದೇಶದಲ್ಲಿ ಕಳೆದ ದಿನ ಎಣಿಕೆಗಿಲ್ಲ, ಬೇರೆ ದೇಶಗಳಲ್ಲಿ ಮಾತ್ರ 90/180. ಓಡಾಡುವ ಹಕ್ಕು ಬೇರೆ, ದುಡಿಯುವ ಹಕ್ಕು ಬೇರೆ: ಯಾವ ದೇಶದಲ್ಲಿ ಬೇಕಾದರೂ ನೆಲೆಸಿ ದುಡಿಯುವ ಸ್ವಾತಂತ್ರ್ಯ ಒಕ್ಕೂಟದ ಪ್ರಜೆಗಳದು, ಷೆಂಗೆನ್ ಅದನ್ನು ನಮಗೆ ಕೊಡುವುದಿಲ್ಲ. ಪರವಾನಗಿ ನವೀಕರಣಕ್ಕೆ ಕೊಟ್ಟು ತಾತ್ಕಾಲಿಕ ಚೀಟಿ ಹಿಡಿದಿರುವವರು ಊರಿಗೆ ಬಂದುಹೋಗುವುದಾದರೆ, ಆ ಚೀಟಿ ಕೊಟ್ಟ ದೇಶಕ್ಕೇ ನೇರ ವಿಮಾನ ಹಿಡಿಯಬೇಕು. ಜರ್ಮನಿಯ ಚೀಟಿಯನ್ನು ಪ್ಯಾರಿಸ್‌ನ ಕೌಂಟರು ಒಪ್ಪಬೇಕೆಂದಿಲ್ಲ. ಆ ಚೀಟಿಯಿಂದ ಮರಳಿ ಪ್ರವೇಶ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ಅಲ್ಲಿನ ಕಚೇರಿಯಲ್ಲಿ ಕೇಳಿಕೊಳ್ಳಿ.

ಅವಧಿ ಮೀರಿದರೆ ದಂಡ, ಪ್ರವೇಶ ನಿಷೇಧ, ಮುಂದಿನ ವೀಸಾಗೆ ತೊಡಕು. ನಿಷೇಧ ಸಾಮಾನ್ಯವಾಗಿ ಐದು ವರ್ಷ ದಾಟದು, ಆದರೆ ಒಂದು ದೇಶ ಹಾಕಿದ್ದು 29ರಲ್ಲೂ ನಡೆಯುತ್ತದೆ. ಆಸ್ಪತ್ರೆ ಸೇರಿದಿರಿ, ವಿಮಾನಗಳೇ ನಿಂತವು ಎಂಬಂಥ ಕೈಮೀರಿದ ಕಾರಣವಿದ್ದರೆ ವೀಸಾ ವಿಸ್ತರಿಸುವ ದಾರಿ ಇದೆ, ಅದಕ್ಕೆ ಶುಲ್ಕವಿಲ್ಲ. ಗಂಭೀರವಾದ ಸ್ವಂತ ಕಾರಣಕ್ಕಾದರೆ 30 ಯುರೋ. ಅರ್ಜಿಯನ್ನು ನೀವಿರುವ ಊರಿನ ವಿದೇಶೀಯರ ಕಚೇರಿಗೆ ಅಥವಾ ಪೊಲೀಸರಿಗೆ, ವೀಸಾ ಮುಗಿಯುವ ಮೊದಲೇ, ವೈದ್ಯರ ಪತ್ರ ಅಥವಾ ವಿಮಾನ ಕಂಪನಿಯ ರದ್ದತಿ ಪತ್ರದೊಂದಿಗೆ ಕೊಡಬೇಕು.